ಹಲ್ಲಿನ ಬೇರಿಗೆ ಹಾಯಿಸುವ ಮದ್ದೂ ನಮ್ಮ ಬೆಟ್ಟದ ಅಳಲೆಕಾಯಿಯೂ



ಈಚೆಗೆ ಹೊಸನಗರದಲ್ಲಿ ಸೇರಿದ್ದ ಸದಸ್ಯರ ಸಭೆಯಲ್ಲಿ ಧಾರಣೆಯ ಮಾತು, ಎಲೆಚುಕ್ಕಿ ರೋಗದ ಮಾತು ಎಲ್ಲ ಮುಗಿದು ಕಾಫಿ ಬರುವ ಹೊತ್ತಿಗೆ ಹಿರಿಯ ಸದಸ್ಯರೊಬ್ಬರು ಎದ್ದು ನಿಂತರು. “ಕಾರ್ಯದರ್ಶಿಗಳೇ, ಹಲ್ಲಿನ ಬೇರು ತೊಳೆಯಲಿಕ್ಕೆ ಈಗ ತ್ರಿಫಲೆಯ ಕಷಾಯ ಬಳಸುತ್ತಾರಂತೆ. ನಮ್ಮ ಸೊಪ್ಪಿನಬೆಟ್ಟದಲ್ಲಿ ಅಳಲೆಕಾಯಿ ಬಿದ್ದು ಕೊಳೆಯುತ್ತಾ ಇದೆ. ಸಂಘ ಅದನ್ನು ಯಾಕೆ ಕೊಳ್ಳಬಾರದು?” ಎಂದು ಕೇಳಿದರು. ಅವರ ಕೈಯಲ್ಲಿ ಯಾರೋ ಹಂಚಿದ ಅಚ್ಚಿನ ಕಾಗದವೊಂದಿತ್ತು. ಸಭೆ ಮುಗಿದ ಮೇಲೆ ಹತ್ತಿರ ಕೂರಿಸಿಕೊಂಡು ವಿಚಾರಿಸಿದಾಗ ಇನ್ನೊಂದು ಸಂಗತಿ ತಿಳಿಯಿತು. ಅವರು ಶಿವಮೊಗ್ಗೆಯಲ್ಲಿ ಬೇರುನಾಳದ ಚಿಕಿತ್ಸೆ, ಅಂದರೆ ನಾವೆಲ್ಲ ರೂಟ್ ಕೆನಾಲ್ ಎನ್ನುವುದನ್ನು, ಆರಂಭಿಸಿದ್ದರು. ಮೊದಲನೆಯ ಸಲ ಹೋಗಿ ಬಂದಾಗ ನೋವು ನಿಂತಿತು. ಅಷ್ಟರಲ್ಲಿ ಈ ಕಾಗದ ಕೈಗೆ ಬಂತು. ರಾಸಾಯನಿಕ ಬೇಡ, ಗಿಡಮೂಲಿಕೆಯದೇ ಬರಲಿ ಎಂದು ಮುಂದಿನ ಭೇಟಿಗಳನ್ನು ಬಿಟ್ಟುಬಿಟ್ಟರು. ಹಾಗೆ ಬಿಟ್ಟು ಮೂರು ತಿಂಗಳಾಗಿದೆ.

ಆದ್ದರಿಂದ ಈ ಸಂಚಿಕೆಯಲ್ಲಿ ಗೊಬ್ಬರದ ವಿಷಯವನ್ನು ಬದಿಗಿಟ್ಟು ಹಲ್ಲಿನ ವಿಷಯ ಬರೆಯುತ್ತಿದ್ದೇವೆ. ನಾವು ದಂತವೈದ್ಯರಲ್ಲ. ಪದವಿಗೆ ರಸಾಯನಶಾಸ್ತ್ರ ಓದಿದ್ದೇವೆ, ಮೂವತ್ತು ವರ್ಷ ಬೋರ್ಡೋ ಕಲಸಿದ್ದೇವೆ, ನಮ್ಮದೇ ಅವಿವೇಕದಿಂದ ಒಂದು ಒಳ್ಳೆಯ ದವಡೆಹಲ್ಲನ್ನು ಕಳೆದುಕೊಂಡಿದ್ದೇವೆ. ನಮ್ಮ ಯೋಗ್ಯತೆ ಇಷ್ಟೇ ಎಂದು ತಿಳಿದು ಓದತಕ್ಕದ್ದು.

ಹಲ್ಲು ಹೋದ ಕಥೆಯನ್ನು ಮೊದಲು ಹೇಳಿಬಿಡುತ್ತೇವೆ. ಹದಿನೈದು ವರ್ಷದ ಹಿಂದೆ, ಕೊನೆಕೊಯ್ಲಿನ ಕಾಲ. ಅಂಗಳದಲ್ಲಿ ಸುಲಿಯುವವರು, ಒಲೆಯ ಮೇಲೆ ಹಂಡೆ, ಬಿಸಿಲು ಯಾವಾಗ ಮರೆಯಾದೀತೋ ಎಂಬ ಆತಂಕ. ಕೆಳದವಡೆಯ ಹಲ್ಲು ರಾತ್ರಿಯೆಲ್ಲ ಸಿಡಿಯುತ್ತಿತ್ತು. ಆಗ ಯಾರು ಪೇಟೆಗೆ ಹೋಗುತ್ತಾರೆ? ಲವಂಗ ಕಚ್ಚಿ ಹಿಡಿದೆವು. ತೋಟದ ತಂಪಿನಲ್ಲಿ ಬೆಳೆಯುವ, ಹಳದಿ ಮೊಗ್ಗಿನ ಹಲ್ಲುನೋವಿನ ಗಿಡ ನಿಮಗೆಲ್ಲ ಗೊತ್ತಿದೆ. ಅಗಿದರೆ ನಾಲಿಗೆ ಜುಮ್ಮೆನ್ನುತ್ತದೆ. ಅದನ್ನೂ ಅಗಿದೆವು. ಮೂರು ವಾರದ ಮೇಲೆ ಒಂದು ಬೆಳಿಗ್ಗೆ ನೋವು ಪೂರ್ತಿ ನಿಂತುಹೋಯಿತು. ಲವಂಗವೇ ಗುಣಪಡಿಸಿತೆಂದು ನಾಲ್ಕು ಜನರ ಮುಂದೆ ಹೇಳಿಯೂ ಹೇಳಿದೆವು. ನಿಂತದ್ದು ನೋವು ಮಾತ್ರ. ಹಲ್ಲಿನೊಳಗಿನ ನರ ಸತ್ತಿತ್ತು, ಸತ್ತದ್ದು ನೋಯುವುದಿಲ್ಲ. ಮುಂದಿನ ಆರಿದ್ರಾ ಮಳೆಯಲ್ಲಿ ದವಡೆ ಊದಿ, ಜ್ವರ ಬಂದು, ಬಾಯಿ ತೆರೆಯಲಾರದೆ ಹೋದಾಗ ಹಲ್ಲನ್ನು ಕೀಳಿಸುವುದಲ್ಲದೆ ಬೇರೆ ದಾರಿ ಉಳಿದಿರಲಿಲ್ಲ. ಲವಂಗದ್ದೇನೂ ತಪ್ಪಿಲ್ಲ. ಅದರ ಎಣ್ಣೆಯಲ್ಲಿ ಹೆಚ್ಚಿನ ಪಾಲು ಇರುವ ಯೂಜೆನಾಲ್ ನರವನ್ನು ಮಂಕು ಮಾಡುತ್ತದೆ. ಅದರಿಂದ ನಾವು ಬೇಡಿದ್ದು ಅದರ ಕೆಲಸವಲ್ಲದ ಕೆಲಸವನ್ನು.

ಹಲ್ಲಿನೊಳಗೆ ಆಗುವುದೇನು ಎಂಬುದನ್ನು ತಿಳಿಯದೆ ಮುಂದಿನ ಮಾತು ಅರ್ಥವಾಗಲಾರದು. ಹೊರಗಿನ ಗಟ್ಟಿ ಹೊದಿಕೆ ಎನಾಮಲ್, ಅದರ ಒಳಗಿನದು ಡೆಂಟಿನ್, ನಟ್ಟನಡುವೆ ರಕ್ತನಾಳವೂ ನರವೂ ಕೂಡಿದ ತಿರುಳು. ಈ ತಿರುಳು ಕಿರಿದಾದ ನಾಳವಾಗಿ ಬೇರಿನ ತುದಿಯವರೆಗೆ ಇಳಿದಿರುತ್ತದೆ. ಹುಳುಕು ತಿರುಳಿಗೆ ಮುಟ್ಟಿದರೆ ಅದು ಕೊಳೆಯುತ್ತದೆ. ವೈದ್ಯರು ಕೂದಲಿನಷ್ಟು ಸಣ್ಣ ಅರಗಳಿಂದ ನಾಳವನ್ನು ತಿಕ್ಕಿ, ತೊಳೆದು, ಒಣಗಿಸಿ, ತುಂಬಿ ಮುಚ್ಚುವುದೇ ಬೇರುನಾಳದ ಚಿಕಿತ್ಸೆ. ಆದರೆ ನಾಳವೆಂಬುದು ನೆಟ್ಟಗಿನ ಕೊಳವೆಯಲ್ಲ. ಅದಕ್ಕೆ ಕವಲುಂಟು, ಅಡ್ಡನಾಳಗಳುಂಟು, ಎರಡು ನಾಳಗಳನ್ನು ಕೂಡಿಸುವ ಸಂದುಗಳುಂಟು. ಸಾಲದ್ದಕ್ಕೆ ಡೆಂಟಿನ್ನಿನ ತುಂಬ ಸೂಕ್ಷ್ಮರಂಧ್ರಗಳಿದ್ದು, ಒಂದು ಚದರ ಮಿಲಿಮೀಟರಿನಲ್ಲಿ ಅಂಥವು ಹತ್ತಾರು ಸಾವಿರ ಸಿಗುತ್ತವೆ. ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರೋಮೀಟರು. ತಿರುಳಿನ ಬಳಿ ಈ ರಂಧ್ರಗಳ ಅಗಲ ಸುಮಾರು 2.5 ಮೈಕ್ರೋಮೀಟರು. ಬ್ಯಾಕ್ಟೀರಿಯದ ಗಾತ್ರ ಒಂದು ಮೈಕ್ರೋಮೀಟರಿನ ಆಸುಪಾಸು. ಅದು ಆರಾಮವಾಗಿ ಒಳಹೊಕ್ಕು ಕೂರಬಹುದು, ಅರ ಮಾತ್ರ ಅಲ್ಲಿಗೆ ಹೋಗಲಾರದು. ಹೋದರೆ ನೀರಿನಂಥ ದ್ರವವೇ ಹೋಗಬೇಕು. ಆದ್ದರಿಂದ ಈ ಚಿಕಿತ್ಸೆಯಲ್ಲಿ ತಿಕ್ಕುವುದಕ್ಕಿಂತ ತೊಳೆಯುವುದು ಮುಖ್ಯವೆಂದರೂ ತಪ್ಪಿಲ್ಲ.

ತೊಳೆಯುವ ದ್ರಾವಣಗಳಲ್ಲಿ ಹಿರಿಯದು ಸೋಡಿಯಂ ಹೈಪೋಕ್ಲೋರೈಟ್. ನಾವು ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಯ ಹತ್ತಿರದ ನೆಂಟ. ಮೊದಲನೆಯ ಮಹಾಯುದ್ಧದಲ್ಲಿ, 1915ರ ಸುಮಾರಿಗೆ, ಇಂಗ್ಲೆಂಡಿನ ರಸಾಯನಜ್ಞ ಹೆನ್ರಿ ಡೇಕಿನ್ ಇದನ್ನು ನೂರಕ್ಕೆ 0.5ರ ಪ್ರಮಾಣದಲ್ಲಿ ಸೈನಿಕರ ಗಾಯ ತೊಳೆಯಲು ಹದಗೊಳಿಸಿದರು. ಫ್ರೆಂಚ್ ಶಸ್ತ್ರವೈದ್ಯ ಅಲೆಕ್ಸಿ ಕರೆಲ್ ಜತೆಗೂಡಿ ಅದನ್ನು ಬಳಕೆಗೆ ತಂದರು. ಅಲ್ಲಿಂದ ಅದು ಹಲ್ಲಿಗೆ ಬಂತು. ಈಗ ದಂತವೈದ್ಯರು 0.5ರಿಂದ 5.25ರವರೆಗೆ, ಕೆಲವರು ಇನ್ನೂ ತುಸು ಹೆಚ್ಚಿನ ಪ್ರಮಾಣದಲ್ಲಿ ಬಳಸುತ್ತಾರೆ. ಅದು ಒಟ್ಟಿಗೇ ಎರಡು ಕೆಲಸ ಮಾಡುತ್ತದೆ. ಸೂಕ್ಷ್ಮಜೀವಿಯನ್ನು ಕೊಲ್ಲುತ್ತದೆ, ಸತ್ತು ಅಂಟಿಕೊಂಡಿರುವ ತಿರುಳನ್ನು ಕರಗಿಸುತ್ತದೆ. ಈ ಎರಡನೆಯ ಕೆಲಸವನ್ನು ಓದುಗರು ದಯವಿಟ್ಟು ನೆನಪಿಡಬೇಕು. ಅರ ಉಜ್ಜಿದಾಗ ಎದ್ದ ಸುಣ್ಣದಂಥ ಹುಡಿ ನಾಳದ ಗೋಡೆಗೆ ಮೆತ್ತಿಕೊಂಡು ರಂಧ್ರಗಳ ಬಾಯಿ ಮುಚ್ಚುತ್ತದೆ. ಅದನ್ನು ಹೈಪೋಕ್ಲೋರೈಟ್ ತೆಗೆಯಲಾರದು, ಅದಕ್ಕೆ ನೂರಕ್ಕೆ 17ರ ಇಡಿಟಿಎ ಎಂಬ ಬೇರೆ ದ್ರಾವಣ ಬೇಕು. ಕ್ಲೋರ್‌ಹೆಕ್ಸಿಡಿನ್ ಎಂಬ ಮೂರನೆಯದನ್ನು ನೂರಕ್ಕೆ 2ರಂತೆ ಕೆಲವರು ಕೊನೆಯಲ್ಲಿ ಬಳಸುವುದುಂಟು. ಅದು ಕೊಲ್ಲುತ್ತದೆ, ಕರಗಿಸುವುದಿಲ್ಲ.

ಹೈಪೋಕ್ಲೋರೈಟಿಗೆ ದೋಷವಿಲ್ಲವೆಂದಲ್ಲ. ವಾಸನೆ ಕೆಟ್ಟದ್ದು, ರುಚಿ ಅದಕ್ಕಿಂತ ಕೆಟ್ಟದ್ದು. ಬೇರಿನ ತುದಿ ದಾಟಿ ಹೊರಗಿನ ಮಾಂಸಕ್ಕೆ ನುಗ್ಗಿತೆಂದರೆ ತಡೆಯಲಾರದ ಉರಿ, ಮುಖ ಊದಿಕೊಳ್ಳುವುದು, ಚರ್ಮದಡಿ ರಕ್ತ ಕಂದುವುದು. ಗಿಡಮೂಲಿಕೆಯಲ್ಲಿ ಪರ್ಯಾಯವುಂಟೇ ಎಂದು ವಿದ್ಯಾವಂತರು ಹುಡುಕುತ್ತಿರುವುದು ಈ ಕಾರಣದಿಂದಲೇ, ಬರೀ ಹುಚ್ಚಿನಿಂದಲ್ಲ.

ಇಲ್ಲಿ ಬೋರ್ಡೋವನ್ನು ನೆನೆಯೋಣ. ಕೊಳೆರೋಗಕ್ಕೆ ಕೊಟ್ಟೆ ಕಟ್ಟುತ್ತಿದ್ದ ನಮ್ಮ ಅಜ್ಜಂದಿರಿಗೆ 1910ರ ಹೊತ್ತಿಗೆ ಮೈಸೂರು ಸಂಸ್ಥಾನದ ಕೋಲ್ಮನ್ ಸಾಹೇಬರು ತುತ್ತ-ಸುಣ್ಣದ ದ್ರಾವಣ ತೋರಿಸಿಕೊಟ್ಟರು. ಅಡಿಕೆಗೆ ಅದು ನೂರಕ್ಕೆ ಒಂದು: ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕಾಫಿಯ ಎಲೆತುಕ್ಕಿಗೆ ಅದರ ಅರ್ಧ. ಮದ್ದು ಒಂದೇ, ಹದ ಬೇರೆ. ಕಲಸಿದ ದಿನವೇ ಹೊಡೆಯಬೇಕು. ಕತ್ತಿಯ ಅಲಗನ್ನು ಅದ್ದಿ ನೋಡಿದಾಗ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ಕೊನೆಗೌಡ ಎಷ್ಟು ನುರಿತವನಾದರೂ ಕೊನೆಯ ಹಿಂಬದಿಗೆ ಮದ್ದು ತಾಗದಿದ್ದರೆ ಅಲ್ಲಿಂದಲೇ ಕೊಳೆ ಶುರು. ಹೈಪೋಕ್ಲೋರೈಟಿನದೂ ಇದೇ ವ್ಯವಹಾರ. ಬೆಳಕಿಗೆ, ಸೆಕೆಗೆ ಇಟ್ಟರೆ ಬಲ ಕುಗ್ಗುತ್ತದೆ. ಹದ ತಪ್ಪಿದರೆ ಸುಡುತ್ತದೆ ಇಲ್ಲವೆ ಸಾಲದಾಗುತ್ತದೆ. ತಲುಪದ ಜಾಗದಲ್ಲಿ ರೋಗ ಉಳಿಯುತ್ತದೆ.

ಬೋರ್ಡೋಕ್ಕೆ ನಮ್ಮಲ್ಲಿ ಕೆಲವರು ರಾಳವನ್ನೂ ಸೋಡಾವನ್ನೂ ಕಾಯಿಸಿ ಮಾಡಿದ ಅಂಟನ್ನು ಸೇರಿಸುತ್ತಾರಷ್ಟೆ. ಆ ಅಂಟು ಕೊಳೆಯನ್ನು ಕೊಲ್ಲುತ್ತದೆಂದು ಯಾರೂ ಹೇಳುವುದಿಲ್ಲ. ಮಳೆಗೆ ತೊಳೆದುಹೋಗದಂತೆ ತುತ್ತವನ್ನು ನಿಲ್ಲಿಸುತ್ತದೆ, ಅಷ್ಟೆ. ಯಾವ ದ್ರಾವಣಕ್ಕೆ ಯಾವ ವಸ್ತುವನ್ನು ಸೇರಿಸಿದರೂ ನಾವು ಕೇಳಬೇಕಾದದ್ದು ಇಷ್ಟು: ಇದು ತಾನೇ ಕೆಲಸ ಮಾಡುವುದೋ, ಮೂಲ ಮದ್ದಿಗೆ ನೆರವಾಗುವುದೋ, ಅಥವಾ ಮೂಲ ಮದ್ದನ್ನೇ ಕೆಡಿಸುವುದೋ? ಹಲ್ಲಿನ ಗಿಡಮೂಲಿಕೆಯ ವಿಷಯದಲ್ಲಿ ಕಾಗದ ಹಂಚುವವರು ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ.

ಈಗ ತ್ರಿಫಲೆಯ ವಿಚಾರ. 2010ರಲ್ಲಿ ಚೆನ್ನೈಯ ಸಂಶೋಧಕರು ಅಳಲೆ, ತಾರೆ, ನೆಲ್ಲಿಗಳ ತ್ರಿಫಲೆಯನ್ನೂ, ಹಸಿರು ಚಹಾದ ಸತ್ವವನ್ನೂ, ಎಂಟಿಎಡಿ ಎಂಬ ಔಷಧ ಮಿಶ್ರಣವನ್ನೂ, ನೂರಕ್ಕೆ 5ರ ಹೈಪೋಕ್ಲೋರೈಟನ್ನೂ ಜತೆಯಲ್ಲಿಟ್ಟು ಪರೀಕ್ಷಿಸಿದರು. ವೈರಿ ಎಂಟೆರೊಕಾಕಸ್ ಫೀಕಾಲಿಸ್. ಒಮ್ಮೆ ಚಿಕಿತ್ಸೆಯಾದ ಹಲ್ಲು ಮತ್ತೆ ಕೆಟ್ಟಾಗ ಪದೇ ಪದೇ ಸಿಕ್ಕಿಬೀಳುವ ಹಠಮಾರಿ ಇದು. ದ್ರವದಲ್ಲಿ ಬಿಡಿಬಿಡಿಯಾಗಿ ತೇಲುತ್ತಿದ್ದಾಗ ತ್ರಿಫಲೆ ಅದನ್ನು ಆರು ನಿಮಿಷದಲ್ಲಿ ಪೂರ್ತಿ ಕೊಂದಿತು. ಸಾಮಾನ್ಯ ಸಾಧನೆಯಲ್ಲ. ನಮ್ಮ ಬೆಟ್ಟದ ಕಾಯಿಯೆಂದು ಹೆಮ್ಮೆಪಟ್ಟರೂ ತಪ್ಪಿಲ್ಲ. ಆದರೆ ಹಲ್ಲಿನೊಳಗೆ ಈ ಜೀವಿ ತೇಲುತ್ತ ಇರುವುದಿಲ್ಲ. ಕೆರೆಯ ಮೆಟ್ಟಿಲಿನ ಲೋಳೆಯ ಹಾಗೆ ಗೋಡೆಗೆ ಅಂಟಿ, ತನ್ನದೇ ಪೊರೆ ಹೊದ್ದು ಕೂತಿರುತ್ತದೆ. ಮೆಟ್ಟಿಲಿಗೆ ಒಂದು ಕೊಡ ನೀರು ಸುರಿದರೆ ಲೋಳೆ ಹೋಗುವುದೇ? ಅದೇ ಸಂಶೋಧಕರು ಕಿತ್ತ ಹಲ್ಲುಗಳ ಮೇಲೆ ವಾರಗಟ್ಟಲೆ ಅಂಥ ಪೊರೆ ಬೆಳೆಸಿ ನೋಡಿದಾಗ ತ್ರಿಫಲೆಗೆ ಗಣನೀಯ ಪರಿಣಾಮವೇನೋ ಇತ್ತು, ಹಸಿರು ಚಹಾಕ್ಕಿಂತ ಹೆಚ್ಚೂ ಇತ್ತು. ಎಲ್ಲಕ್ಕಿಂತ ಮೇಲೆ ನಿಂತದ್ದು ಹೈಪೋಕ್ಲೋರೈಟೇ. ಸದಸ್ಯರ ಕೈಯಲ್ಲಿದ್ದ ಕಾಗದದಲ್ಲಿ ಆರು ನಿಮಿಷದ ಮಾತಿತ್ತು, ಈ ಕೊನೆಯ ವಾಕ್ಯವಿರಲಿಲ್ಲ.

ನೋನಿಯ ಕಥೆಯೂ ಇಂಥದೇ. 2008ರಲ್ಲಿ ಅಮೆರಿಕದವರು ಕಿತ್ತ ಹಲ್ಲುಗಳಲ್ಲಿ ನೋನಿ ರಸ ಹಾಯಿಸಿ, ಆಮೇಲೆ ಇಡಿಟಿಎ ಹಾಯಿಸಿ, ಗೋಡೆಗೆ ಮೆತ್ತಿದ ಹುಡಿ ಹೈಪೋಕ್ಲೋರೈಟ್-ಇಡಿಟಿಎ ಜೋಡಿಯಲ್ಲಿ ಹೋದಷ್ಟೇ ಹೋಯಿತೆಂದು ವರದಿ ಮಾಡಿದರು. ಹುಡಿ ತೆಗೆಯುವ ಇಡಿಟಿಎ ಎರಡೂ ಕಡೆ ಇತ್ತೆಂಬುದನ್ನು ಮರೆತು ಓದಿದರೆ ನೋನಿಯೇ ಸರ್ವಸ್ವವೆಂದು ತೋರುತ್ತದೆ.

ತ್ರಿಫಲೆಯ ಬಲ ಇರುವುದು ಬಹುಮಟ್ಟಿಗೆ ಅದರ ಟ್ಯಾನಿನ್ ಎಂಬ ಒಗರಿನಲ್ಲಿ. ಈ ವಸ್ತುವಿನ ಪರಿಚಯ ನಮಗಿಂತ ಬೇರೆ ಯಾರಿಗೆ ಚೆನ್ನಾಗಿ ಇದ್ದೀತು? ಅಡಿಕೆಯ ಚೊಗರು ಅಂದರೆ ಅದೇ ತಾನೆ. ಚೊಗರು ಕೈಗೆ ಹತ್ತಿದರೆ ವಾರವಾದರೂ ಬಿಡುವುದಿಲ್ಲ, ಏಕೆಂದರೆ ಟ್ಯಾನಿನ್ ಮೈಯ ಪ್ರೋಟೀನನ್ನು ಬಿಗಿಯಾಗಿ ಹಿಡಿಯುತ್ತದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಚರಕದವರು ಕೈಮಗ್ಗದ ಬಟ್ಟೆಗೆ ಚೊಗರಿನ ಬಣ್ಣ ಕೊಡುವುದನ್ನು ನೀವು ನೋಡಿದ್ದೀರಿ. ಹಸಿ ತೊಗಲು ಕೊಳೆಯದ ಚರ್ಮವಾಗುವುದೂ ಇದೇ ಗುಣದಿಂದ. ಸೂಕ್ಷ್ಮಜೀವಿಯ ಪ್ರೋಟೀನನ್ನು ಹೀಗೆ ಹಿಡಿದಾಗ ಅದು ಸಾಯುತ್ತದೆ, ಸರಿ. ಆದರೆ ಟ್ಯಾನಿನ್ ತೊಗಲನ್ನು ಕರಗಿಸುವುದಿಲ್ಲ, ಗಟ್ಟಿ ಮಾಡುತ್ತದೆ. ನಾಳದಲ್ಲಿ ಉಳಿದ ಸತ್ತ ತಿರುಳು ಕರಗಿ ಹೊರಗೆ ಹೋಗಬೇಕಾದಲ್ಲಿ ಒಗರಿನಿಂದ ಆ ಕೆಲಸವನ್ನು ನಿರೀಕ್ಷಿಸುವುದು ಹೇಗೆ? ಮೇಲೆ ನೆನಪಿಡಿ ಎಂದದ್ದು ಇದಕ್ಕಾಗಿ. ಹಲ್ಲಿಗೆ ಕಲೆ ಹತ್ತುವ ಮಾತು ಬೇರೆ.

ಹಾಗಾದರೆ ಎರಡನ್ನೂ ಕೂಡಿಸಿದರಾಯಿತಲ್ಲ, ಹೈಪೋಕ್ಲೋರೈಟಿಗೆ ನಾಲ್ಕು ಹನಿ ತ್ರಿಫಲೆ ಬೆರೆಸಿದರೆ ಎಂದು ಸಭೆಯಲ್ಲಿ ಒಬ್ಬ ಯುವ ಸದಸ್ಯರು ಕೇಳಿದರು. ಒಳ್ಳೆಯ ಪ್ರಶ್ನೆ, ಉತ್ತರವೂ ಮನೆಯಲ್ಲೇ ಇದೆ. ಚೊಗರಿನ ಕಲೆಯಾದ ಹಳೆಯ ಬಿಳಿ ಪಂಚೆಯ ಚೂರನ್ನು ಬ್ಲೀಚಿಂಗ್ ಪುಡಿಯ ತಿಳಿನೀರಿಗೆ ಹಾಕಿ, ಅಂಗಳದ ಗಾಳಿಯಲ್ಲಿಟ್ಟು ನೋಡಬಹುದು. (ಅದಕ್ಕೆ ಹುಳಿಯಾದ ಯಾವುದನ್ನೂ ಸೇರಿಸಕೂಡದು. ವಿಷದ ಗಾಳಿ ಏಳುತ್ತದೆ.) ಕಲೆ ಬಿಳಿಚುತ್ತದೆ. ಕ್ಲೋರಿನ್ ಚೊಗರನ್ನು ತಿಂದಿತು. ತಿನ್ನುವಾಗ ತಾನೂ ಅಷ್ಟು ಖರ್ಚಾಯಿತು. ಎಲೆ ಬಿದ್ದು ಕೊಳೆತ ಬಾವಿಗೆ ಹೆಚ್ಚು ಪುಡಿ ಹಾಕಬೇಕಾಗುವುದೂ ಇದರಿಂದಲೇ. ಕ್ಲೋರಿನ್ ಎದುರಿಗೆ ಸಿಕ್ಕಿದ ಸಾವಯವ ವಸ್ತುವಿನ ಮೇಲೆಲ್ಲ ವ್ಯಯವಾಗುತ್ತದೆ, ಇದು ಮದ್ದು ಇದು ರೋಗ ಎಂದು ಆರಿಸುವುದಿಲ್ಲ. ಆದ್ದರಿಂದ ಕಷಾಯವನ್ನು ಹೈಪೋಕ್ಲೋರೈಟಿಗೆ ಬೆರೆಸಿದರೆ ಇವನೂ ಕೆಟ್ಟ, ಅವನೂ ಕೆಟ್ಟ. ಅಷ್ಟೇಕೆ, ಹೈಪೋಕ್ಲೋರೈಟೂ ಕ್ಲೋರ್‌ಹೆಕ್ಸಿಡಿನ್ನೂ ನಾಳದಲ್ಲಿ ಕೂಡಿದರೆ ಕಂದುಬಣ್ಣದ ಗಸಿ ಕಟ್ಟಿಕೊಳ್ಳುತ್ತದೆ. ಇಡಿಟಿಎ ಬೆರೆತರೆ ಕ್ಲೋರಿನ್ ಕುಗ್ಗುತ್ತದೆ. ಬಲ್ಲ ವೈದ್ಯರು ಒಂದಾದ ಮೇಲೊಂದನ್ನು ಹಾಯಿಸುತ್ತಾರೆ, ನಡುವೆ ಸಾದಾ ದ್ರವದಿಂದ ತೊಳೆಯುತ್ತಾರೆ. ತ್ರಿಫಲೆಗೆ ಮುಂದೆ ಜಾಗ ದೊರೆತರೂ ಅದು ಈ ಸಾಲಿನ ಕೊನೆಯಲ್ಲಿ ಬೇರೆಯಾಗಿ ದೊರೆಯಬಹುದೇ ಹೊರತು ಒಂದೇ ಬಾಟಲಿಯೊಳಗಲ್ಲ ಎಂಬುದು ನಮ್ಮ ಅಭಿಪ್ರಾಯ.

ನಿಜವಾದ ಸೇರ್ಪಡೆಯೆಂದರೆ ನಮ್ಮ ಅಂಟುವಾಳದ ನೊರೆಯಂಥದು. ನೊರೆಯ ವಸ್ತು ನೀರಿನ ಮೇಲ್ಮೈ ಬಿಗಿತವನ್ನು ಸಡಿಲಿಸಿ ಸಣ್ಣ ಸಂದಿಗೂ ಹರಿಯುವಂತೆ ಮಾಡುತ್ತದೆ. ಸೆಟ್ರಿಮೈಡಿನಂಥ ಮಾರ್ಜಕ ಸೇರಿಸಿದ ಹೈಪೋಕ್ಲೋರೈಟ್ ಮಾರುಕಟ್ಟೆಗೆ ಬಂದಿರುವುದು ಈ ಉದ್ದೇಶದಿಂದ. ಅಂಟುವಾಳವನ್ನೇ ಹಾಕೋಣವೆಂದರೆ ಅದೂ ಸಾವಯವ, ಕ್ಲೋರಿನ್ನಿನ ಬಾಯಿಗೇ ಹೋಗುವಂಥದು.

ದ್ರವ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದೇ ಎಲ್ಲರಿಗೂ ತಲೆನೋವಾಗಿದೆ. 2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಅಲ್ಲೇ ಹುಟ್ಟಿದ ಥೆರಾನಾಟಿಲಸ್ ಎಂಬ ಕಂಪನಿಯವರೂ ಸೇರಿ, ಕಬ್ಬಿಣದ ಲೇಪವಿರುವ ಸಿಲಿಕಾದ ತಿರುಪಿನಂಥ ಅತಿಸೂಕ್ಷ್ಮ ಕಣಗಳನ್ನು ಅಯಸ್ಕಾಂತದಿಂದ ನಡೆಸಿ ಡೆಂಟಿನ್ನಿನ ರಂಧ್ರಗಳಲ್ಲಿ 2,000 ಮೈಕ್ರೋಮೀಟರ್, ಅಂದರೆ ಎರಡು ಮಿಲಿಮೀಟರ್ ಆಳಕ್ಕೆ ಇಳಿಸಿ, ಅಲ್ಲಿ ಬಿಸಿಯಾಗಿಸಿ ಬ್ಯಾಕ್ಟೀರಿಯ ಕೊಲ್ಲಬಹುದೆಂದು ತೋರಿಸಿದರು. ಕಷಾಯವೋ ರಾಸಾಯನಿಕವೋ ಎಂಬ ಜಗಳಕ್ಕಿಂತ ಇಂಥ ಕೆಲಸದಿಂದ ಹಲ್ಲಿಗೆ ಹೆಚ್ಚು ಉಪಕಾರವಾದೀತೆಂದು ನಮಗನ್ನಿಸುತ್ತದೆ.

ಗಿಡಮರಗಳಿಗೆ ದಂತವೈದ್ಯದಲ್ಲಿ ಸ್ಥಾನವೇ ಇಲ್ಲವೆಂದು ಯಾರೂ ತಿಳಿಯಬಾರದು. ಲವಂಗದ ಯೂಜೆನಾಲನ್ನು ಸತುವಿನ ಆಕ್ಸೈಡಿನೊಡನೆ ಕಲಸಿದರೆ ಗಟ್ಟಿಯಾಗುವ ಸಿಮೆಂಟಾಗುತ್ತದೆ, ತಾತ್ಕಾಲಿಕವಾಗಿ ಹಲ್ಲು ಮುಚ್ಚುವುದಕ್ಕೂ ನಾಳದ ಸಂದು ಬೆಸೆಯುವುದಕ್ಕೂ ಬರುತ್ತದೆ. ನಾಳಕ್ಕೆ ತುಂಬುವ ಗಟ್ಟಾಪರ್ಚ ಎಂಬುದು ಮಲಯದ ಕಡೆಯ ಮರದ ಹಾಲು, 1843ರ ಸುಮಾರಿಗೆ ಸಿಂಗಪುರದಿಂದ ಇಂಗ್ಲೆಂಡಿಗೆ ಹೋದದ್ದು. ಆ ಮರ ನಮ್ಮ ರಂಜದ, ಸಪೋಟದ ಕುಟುಂಬಕ್ಕೇ ಸೇರಿದ್ದು. ತುಂಬಿದ್ದನ್ನು ಮತ್ತೆ ತೆಗೆಯಬೇಕಾದರೆ ಅದನ್ನು ಮೆತ್ತಗಾಗಿಸಲು ನೀಲಗಿರಿ ಎಣ್ಣೆಯೂ ಕಿತ್ತಳೆ ಸಿಪ್ಪೆಯ ಎಣ್ಣೆಯೂ ಒದಗುತ್ತವೆ. ಇವೆಲ್ಲ ತಮ್ಮ ತಮ್ಮ ಗುಣದಿಂದ ತಮಗೆ ತಕ್ಕ ಕೆಲಸಕ್ಕೆ ಸೇರಿಕೊಂಡವು.

ನಮ್ಮ ಅಡಿಕೆ? ಈ ಪ್ರಶ್ನೆ ಬಂದೇ ಬರುತ್ತದೆ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಅಡಿಕೆಯ ಹೆಸರಿನ ದಂತಲೇಪ ಚಿನಿಮಣ್ಣಿನ ಕರಡಿಗೆಗಳಲ್ಲಿ ಮಾರಾಟವಾಗುತ್ತಿತ್ತು, ಆ ಮುಚ್ಚಳಗಳನ್ನು ಈಗಲೂ ಸಂಗ್ರಹಿಸುವವರಿದ್ದಾರೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲನೆಯ ವರ್ಗಕ್ಕೆ ಸೇರಿಸಿದೆ. ನಮಗೆ ಹಿತವಾದ ಮಾತಲ್ಲ. ಅಡಿಕೆ ಮಾರುವ ಸಂಘದ ಪತ್ರಿಕೆಯಲ್ಲಿ ಬರೆಯುತ್ತಿದ್ದೇವೆಂದು ಮುಚ್ಚಿಡುವುದೂ ಸರಿಯಲ್ಲ. ಬಾಯಿಯ ಔಷಧಕ್ಕೆ ಚೊಗರನ್ನು ಯಾವ ವೈದ್ಯರೂ ಆರಿಸಲಾರರು. ಅದು ಬಟ್ಟೆಯ ಬಣ್ಣಕ್ಕೆ ಹೋಗಲಿ. ಗಟ್ಟಿ ಗೋಟು ಕಡಿದು ಹಲ್ಲು ಸೀಳಿಸಿಕೊಳ್ಳುವ ಹಿರಿಯರಿಗೂ ಜತೆಯಲ್ಲೇ ಒಂದು ಮಾತು: ಅಡಕತ್ತರಿಯ ಕೆಲಸವನ್ನು ಹಲ್ಲಿಗೆ ಕೊಡಬೇಡಿ.

ಇನ್ನು ಖರೀದಿಯ ವಿಚಾರ. ಕಿತ್ತ ಹಲ್ಲಿನ ಮೇಲಿನ ಪ್ರಯೋಗವನ್ನು ನಂಬಿ ಸಂಘದ ದುಡ್ಡನ್ನು ಅಳಲೆಕಾಯಿಯಲ್ಲಿ ಹೂಡುವುದಕ್ಕೆ ನಾವು ಶಿಫಾರಸು ಮಾಡುವುದಿಲ್ಲ. ಹಲ್ಲಿನ ನಾಳವೊಂದಕ್ಕೆ ಬೇಕಾಗುವುದು ಕೆಲವು ಚಮಚದಷ್ಟು ದ್ರವ. ಊರಿನ ಹಲ್ಲುಗಳೆಲ್ಲ ಸೇರಿದರೂ ಒಂದು ಬೆಟ್ಟದ ಕಾಯಿ ಖರ್ಚಾಗದು. ಮರದಿಂದ ಮರಕ್ಕೆ, ಬಲಿತದ್ದಕ್ಕೂ ಎಳೆಯದಕ್ಕೂ ಒಗರು ಬೇರೆ. ನಮ್ಮ ಮಳೆಗಾಲದಲ್ಲಿ ಕಷಾಯ ಎರಡು ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಆಯುರ್ವೇದದ ಅಂಗಡಿಗೂ ಬಣ್ಣದವರಿಗೂ ಅಳಲೆ ಬೇಕಾಗಿದೆ, ಆ ದಾರಿಯನ್ನು ಬೇರೆಯಾಗಿ ವಿಚಾರಿಸಬಹುದು.

ಚಿಕಿತ್ಸೆಗೆ ಹೋಗುವವರು ವೈದ್ಯರನ್ನು ಕೇಳಬೇಕಾದ್ದೊಂದಿದೆ: ಹಲ್ಲಿನ ಸುತ್ತ ರಬ್ಬರಿನ ಪರದೆ ಕಟ್ಟುತ್ತೀರಾ? ಅದು ದ್ರಾವಣ ಗಂಟಲಿಗೆ ಇಳಿಯದಂತೆಯೂ ಜೊಲ್ಲು ನಾಳಕ್ಕೆ ಹೋಗದಂತೆಯೂ ತಡೆಯುತ್ತದೆ. ತಿನ್ನುತ್ತಿರುವ ಮಾತ್ರೆಗಳನ್ನು, ಅಲರ್ಜಿಯನ್ನು ಮುಚ್ಚಿಡದೆ ಹೇಳಬೇಕು. ನೋವು ನಿಂತಿತೆಂದು ನಡುವೆ ಬಿಡಕೂಡದು. ತಾತ್ಕಾಲಿಕ ಮುಚ್ಚಳ ಹೆಸರಿಗೆ ತಕ್ಕಂತೆ ತಾತ್ಕಾಲಿಕ. ಅದು ಸವೆದ ದಿನ ಜೊಲ್ಲು ಇಳಿದು, ತೊಳೆದ ನಾಳ ಮತ್ತೆ ಕೊಳೆಯುತ್ತದೆ. ತೀರ್ಥಹಳ್ಳಿಯ ಒಳಹಳ್ಳಿಗಳವರಿಗೆ ಇಡೀ ದಿನದ ಕೆಲಸ ಕೆಡುವುದು ನಿಜ. ತುಮರಿಯ ಕಡೆಯವರು ಲಾಂಚಿಗೆ ಕಾಯಬೇಕೆನ್ನುತ್ತಿದ್ದರು. 2025ರ ಜುಲೈಯಲ್ಲಿ ಸಿಗಂದೂರಿನ ಸೇತುವೆ ತೆರೆದ ಮೇಲೆ ಆ ನೆಪವೂ ಉಳಿದಿಲ್ಲ.

ಪ್ರಶ್ನೆ ಕೇಳಿದ ಸದಸ್ಯರು ಕಳೆದ ವಾರ ಶಿವಮೊಗ್ಗೆಗೆ ಹೋಗಿ ಬಂದರು. ಮುಚ್ಚಳ ಅರ್ಧ ಉದುರಿತ್ತಂತೆ. ಮೊದಲಿನಿಂದ ಮತ್ತೆ ತೊಳೆಯಬೇಕಾಯಿತು, ಇನ್ನೆರಡು ಸಲ ಕರೆದಿದ್ದಾರೆ. ಹಲ್ಲು ಉಳಿಯಬಹುದೆಂದು ವೈದ್ಯರು ಹೇಳಿದರಂತೆ. ಅವರು ಮಾದರಿಗೆಂದು ತಂದಿಟ್ಟ ಅಳಲೆಕಾಯಿಯ ಚೀಲ ನಮ್ಮ ಕಚೇರಿಯ ಮೂಲೆಯಲ್ಲಿದೆ. ನೈಸರ್ಗಿಕ ಬಣ್ಣ ಹಾಕುವವರಿಗೆ ಅದನ್ನು ತೋರಿಸಿ ಬೆಲೆ ವಿಚಾರಿಸಲು ಮುಂದಿನ ವಾರ ಹೆಗ್ಗೋಡಿನ ಕಡೆಗೆ ಹೋಗುವವರಿದ್ದೇವೆ.